ಮೌನಿಯ ಹೊರದಾರಿ

ಮುಂಬಯಿಯ ಸಾಯನ್ನಿನಲ್ಲಿ ಹತ್ತಿದ ಸ್ಲೋ ಲೋಕಲ್ ಗಾಡಿಯಲ್ಲಿ, ಕಿಟಕಿಯಿಂದ ಎರಡನೆಯ ಸೀಟಿನಲ್ಲಿ, ಬೆನ್ನು ನೆಟ್ಟಗೆ ಮಾಡಿ ತುಟಿ ಬಿಗಿದು ಕುಳಿತಿದ್ದ ಶ್ರೀಪತಿ ಉಪಾಧ್ಯರ ಮನಸ್ಸು ಮಾತ್ರ ಬೆಳಗಿನಿಂದ ಒಂದೇ ಸಮನೆ ಮಾತನಾಡುತ್ತಿತ್ತು. ಮೌನವೆಂದರೆ ಸದ್ದಿನ ಅಭಾವವಲ್ಲ, ವಾಕ್ಕನ್ನು ಅದರ ಮೂಲಕ್ಕೆ ಹಿಂದಿರುಗಿಸುವುದು ಎಂದು ಆಂಟಾಪ್ ಹಿಲ್ಲಿನ ಭಜನಾ ಮಂಡಳಿಯಲ್ಲಿ ಅವರೇ ಮುಕ್ಕಾಲು ಗಂಟೆ ಉಪನ್ಯಾಸ ಮಾಡಿದ್ದರು. ಹಿಂದಿರುಗಿದ ವಾಕ್ಕು ಅಲ್ಲಿ ಸುಮ್ಮನೆ ಕೂರುವುದಿಲ್ಲ, ಬೇಸಗೆ ರಜೆಗೆ ಬಂದ ನೆಂಟರ ಹಾಗೆ ಒಳಮನೆಯ ಪಾತ್ರೆಪಗಡವನ್ನೆಲ್ಲ ಎಳೆದು ಹಾಕುತ್ತದೆ ಎಂಬುದನ್ನು ಅಂದು ಹೇಳಿರಲಿಲ್ಲ, ಏಕೆಂದರೆ ಆಗಿನ್ನೂ ಅವರು ವ್ರತ ಹಿಡಿದಿರಲಿಲ್ಲ. ವರ್ಷದುದ್ದಕ್ಕೂ ಪ್ರತಿ ಏಕಾದಶಿಯಂದು, ಸೂರ್ಯೋದಯದಿಂದ ನಡುಹಗಲಿನವರೆಗೆ, ಒಂದಕ್ಷರವನ್ನೂ ಆಡದಿರುವುದು ವ್ರತ. ನೀರೂ ನಿಷಿದ್ಧವಾದ ಉಪವಾಸ ಹೇಗೂ ಮನೆತನದಿಂದ ಬಂದದ್ದು. ಇಂದಿನ ಏಕಾದಶಿ ಕೊನೆಯದು. ನಾಳೆ ದ್ವಾದಶಿಯ ಪಾರಣೆಯೊಂದಿಗೆ ಉದ್ಯಾಪನೆ. ಹೆಂಡತಿ ನೀಲಾವತಿ ಮಂಡಳಿಯವರನ್ನೆಲ್ಲ ಕರೆದಾಗಿದೆ, ಗಸಗಸೆ ಪಾಯಸವೋ ಹೆಸರುಬೇಳೆ ಪಾಯಸವೋ ಎಂಬ ವಿಚಾರ ವಾರದಿಂದ ಇತ್ಯರ್ಥವಾಗದೆ ಉಳಿದಿದೆ. ಮಂಡಳಿಯವರು ಈಗೀಗ ಅವರನ್ನು ಮೌನಿ ರಾಯರು ಎಂದೇ ಕರೆಯತೊಡಗಿದ್ದಾರೆ. ಹಾಗೆ ಕರೆದಾಗಲೆಲ್ಲ ಉಪಾಧ್ಯರು ಬೇಡವೆಂಬಂತೆ ಕೈಯೆತ್ತುತ್ತಾರೆ. ಎಷ್ಟು ಎತ್ತಿದರೆ ಕರೆಯುವವರು ನಿಲ್ಲಿಸುವುದಿಲ್ಲವೋ ಅಷ್ಟು ಮಾತ್ರ.

ಅವರ ಇಂದಿನ ಕಳವಳ ಹುಟ್ಟಿದ್ದು ಜಪದಲ್ಲಿ. ಪವಾಯಿಯ ಕಂಪನಿಯೊಂದರಲ್ಲಿ ಅವರು ನೆಟ್‌ವರ್ಕ್ ಭದ್ರತೆಯ ಮುಖ್ಯಸ್ಥರು. ಉಪನಗರಗಳಲ್ಲಿ ಅಲ್ಲಲ್ಲಿ ಶಾಖೆಗಳಿರುವ ಒಂದು ಕಣ್ಣಾಸ್ಪತ್ರೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಹೆಣೆಯುವ ಜಾಲದ ಹೆಬ್ಬಾಗಿಲನ್ನು ಕಾಯುವುದು ಅವರ ತಂಡದ ಕೆಲಸ. ಹೆಬ್ಬಾಗಿಲೆಂದರೆ ಪನವೇಲಿನಾಚೆ ಒಂದು ತಣ್ಣನೆಯ ಕೋಣೆಯಲ್ಲಿ, ಯಾರ ಮುಖವನ್ನೂ ನೋಡದೆ ಮಿನುಗುತ್ತ ಕುಳಿತ ಒಂದು ಯಂತ್ರ. ಅದರ ಒಂದು ಹಳೆಯ ಪ್ರವೇಶವನ್ನು ಕಳ್ಳರು ಈಚೆಗೆ ತಟ್ಟಿ ತಟ್ಟಿ ನೋಡುತ್ತಿದ್ದುದರಿಂದ, ಇವತ್ತು ಹತ್ತು ಗಂಟೆಗೆ ಅದು ತಾನಾಗಿಯೇ ಮುಚ್ಚಿಕೊಳ್ಳುವಂತೆ ನಿನ್ನೆ ಸಂಜೆ ಉಪಾಧ್ಯರೇ ಆಜ್ಞೆ ಬರೆದಿಟ್ಟು ಬಂದಿದ್ದರು. ಬೆಳಿಗ್ಗೆ ಅಷ್ಟಾಕ್ಷರ ಜಪಕ್ಕೆ ಕುಳಿತಾಗ, ನಾರಾಯಣನ ಮೂರ್ತಿ ನಿಲ್ಲಬೇಕಾದ ಹೃದಯಕಮಲದಲ್ಲಿ ಆ ಆಜ್ಞೆಯ ಸಾಲುಗಳು ಒಂದೊಂದಾಗಿ ಮೂಡಿದವು, ಮತ್ತು ಅವುಗಳಲ್ಲೊಂದು ತಪ್ಪಾಗಿತ್ತು. ಜಪದಲ್ಲಿ ಮನಸ್ಸು ಜಾರಿದ್ದಕ್ಕೆ ನಾಚಬೇಕೋ, ಜಾರಿದ ಮನಸ್ಸು ತಪ್ಪನ್ನು ಹಿಡಿದುಕೊಟ್ಟದ್ದಕ್ಕೆ ಕೈಮುಗಿಯಬೇಕೋ ತಿಳಿಯದೆ ಎಣಿಕೆ ತಪ್ಪಿ, ಜಪವನ್ನು ಮೊದಲಿನಿಂದ ಮಾಡಬೇಕಾಯಿತು. ಹಳೆಯ ಪ್ರವೇಶದ ಜೊತೆಗೆ ಆಸ್ಪತ್ರೆಯವರೇ ಓಡಾಡುವ ಮುಂದಿನ ಬಾಗಿಲನ್ನೂ, ಅದು ಕೆಟ್ಟರೆ ಒಳಹೋಗಲು ಇಟ್ಟ ಹಿಂದಿನ ಮೆಟ್ಟಿಲನ್ನೂ ಆ ಸಾಲು ಮುಚ್ಚಿಸುತ್ತಿತ್ತು. ಮುಂಬಯಿಗೆ ಬಂದ ಹೊಸದರಲ್ಲಿ ಮಾಟುಂಗದ ಒಂದು ಹಳೆಯ ಬಿಲ್ಡಿಂಗಿನಲ್ಲಿ ಅವರು ಬಾಡಿಗೆಗಿದ್ದರು. ಅದರ ಬೆನ್ನಿಗೆ ಕಬ್ಬಿಣದ ಸುರುಳಿ ಮೆಟ್ಟಿಲೊಂದಿತ್ತು, ಗುಡಿಸುವವರು ಪೈಪು ಸರಿಮಾಡುವವರು ಅದರಲ್ಲೇ ಹತ್ತಿಳಿಯುತ್ತಿದ್ದರು. ಒಮ್ಮೆ ಮುಂದಿನ ಬಾಗಿಲ ಬೀಗ ಕೆಟ್ಟು ಇಡೀ ಮಹಡಿಯವರು ಹೊರಗುಳಿದಾಗ, ಪಂಚೆಯನ್ನೆತ್ತಿ ಕಟ್ಟಿ ಆ ಮೆಟ್ಟಿಲಲ್ಲಿ ಏರಿಹೋಗಿ ಒಳಗಿನಿಂದ ಚಿಲಕ ತೆಗೆದವರು ಇವರೇ, ಕೆಳಗಿನಿಂದ ಹೆಂಗಸರು ನಗುತ್ತಿದ್ದರು. ಔಟ್ ಆಫ್ ಬ್ಯಾಂಡ್ ಎಂದರೇನು ಸರ್ ಎಂದು ಹೊಸಬರು ಕೇಳಿದಾಗಲೆಲ್ಲ ನಗುವ ಹೆಂಗಸರನ್ನು ಬಿಟ್ಟು ಉಳಿದದ್ದನ್ನು ಹೇಳುತ್ತಾರೆ. ಜನ ಓಡಾಡುವ ರಸ್ತೆಯೂ ರಸ್ತೆಯನ್ನು ರಿಪೇರಿ ಮಾಡುವವನು ಬರುವ ರಸ್ತೆಯೂ ಒಂದೇ ಆಗಿರಬಾರದು. ಅದು ಕುಸಿದ ದಿನ ಇವನು ಬರುವುದೆಲ್ಲಿಂದ? ಅದಕ್ಕಾಗಿ ಬೇರೆ ತಂತಿ, ಬೇರೆ ಪೆಟ್ಟಿಗೆ, ಹೊರದಾರಿ. ಹತ್ತು ಗಂಟೆಗೆ ಆ ಹೊರದಾರಿಯೂ ಮುಚ್ಚುತ್ತದೆ. ಒಮ್ಮೆ ಮುಚ್ಚಿತೆಂದರೆ ಯಾರಾದರೂ ಪನವೇಲಿನಾಚೆಗೆ ಹೋಗಿ ಯಂತ್ರದ ಮುಂದೆ ಮಂಡಿಯೂರಿ ಕೂರುವವರೆಗೆ ಆಸ್ಪತ್ರೆಯ ಪರದೆಗಳೆಲ್ಲ ಕುರುಡು. ಆಪರೇಷನ್ನಿಗೆಂದು ಕಣ್ಣಿಗೆ ಹನಿ ಹಾಕಿಸಿಕೊಂಡು, ಮಬ್ಬು ಮಬ್ಬಾದ ಲೋಕವನ್ನು ನೋಡುತ್ತ ಬೆಂಚುಗಳ ಮೇಲೆ ಕುಳಿತ ಮುದುಕರನ್ನು ಇವತ್ತಾಗುವುದಿಲ್ಲ, ಹೋಗಿ ಎಂದು ಕಳಿಸುತ್ತಾರೆ.

ಏಕಾದಶಿಗಳಂದು ಅರ್ಧ ದಿನ ರಜೆ ಹಾಕಿ ಮನೆಯಲ್ಲೇ ಇರುವವರು ಇವತ್ತು ಹೀಗೆ ಹೊರಟು ಬಂದದ್ದು ಆಫೀಸಿನಿಂದ ಮಾತ್ರ ತೆಗೆಯಬಹುದಾದ ಆ ಆಜ್ಞೆಯನ್ನು ಹತ್ತರೊಳಗೆ ಅಲ್ಲಿ ಮುಟ್ಟಿ ಸ್ವತಃ ತೆಗೆಯುವ ಆಸೆಯಿಂದ. ತಪ್ಪು ಹೊಳೆಯುವ ಹೊತ್ತಿಗೆ ಸಂಕಲ್ಪ ಆಗಿಹೋಗಿತ್ತು, ಸಂಕಲ್ಪದ ಮೇಲೆ ನಾಲಿಗೆ ದೇವರ ಸ್ವತ್ತು. ಬೆರಳುಗಳ ವಿಷಯದಲ್ಲಿ ಮಾತ್ರ ಉಪಾಧ್ಯರದು ಮೊದಲಿನಿಂದಲೂ ಒಂದು ಅನುಕೂಲವಾದ ಸಿದ್ಧಾಂತ. ಸನ್ನೆಯನ್ನೂ ತೊರೆದ ಕಾಷ್ಠಮೌನ ಯತಿಗಳಿಗೆ ಇರಲಿ, ಗೃಹಸ್ಥನಿಗೆ ವಾಙ್ಮೌನ ಸಾಕು. ಬರೆಹ ವಾಕ್ಕಲ್ಲ, ಹಸ್ತಕರ್ಮ. ಏಕಾದಶಿಯ ಬೆಳಿಗ್ಗೆ ನಿಮ್ಮ ಮೆಸೇಜುಗಳನ್ನು ಓದಿ ಮುಗಿಸಲಿಕ್ಕೇ ನನಗೆ ಬೇರೆ ಆಳು ಬೇಕು ಎಂದು ನೀಲಾವತಿ ಒಮ್ಮೆ ಅಂದದ್ದಕ್ಕೂ ಅವರು ಉತ್ತರವನ್ನು ಮೆಸೇಜಿನಲ್ಲೇ, ಎರಡು ಕಂತಿನಲ್ಲಿ, ಕಳಿಸಿದ್ದರು. ಹಾಗಾಗಿ ಗಾಡಿ ಹತ್ತಿದೊಡನೆ ಮುಂಜಾಗ್ರತೆಗೆಂದು ಆಫೀಸಿನಲ್ಲಿ ಡ್ಯೂಟಿಯಲ್ಲಿದ್ದ ಯಕ್ಷಿತಾಳಿಗೆ ಒಂದು ಮೇಲ್ ಬರೆದರು: ಹತ್ತು ಗಂಟೆಯ ಕೆಲಸವನ್ನು ನಿಲ್ಲಿಸು, ನನ್ನಿಂದ ತಪ್ಪಾಗಿದೆ. ಮೇಲ್ ಪವಾಯಿಯನ್ನು ಮುಟ್ಟಿದ ಮೇಲೆಯೇ ಅದು ಎಂಥ ಸಾಲೆಂದು ಅವರಿಗೆ ಹೊಳೆದದ್ದು. ಕಳ್ಳರು ತಟ್ಟುತ್ತಿರುವ ಬಾಗಿಲನ್ನು ದಯವಿಟ್ಟು ಮುಚ್ಚಬೇಡ ಎಂದು ಯಾರಾದರೂ ಬರೆದರೆ, ಬರೆದವನು ಯಾರಿರಬೇಕು?

ಕುರ್ಲಾ ಬರುವ ಮೊದಲೇ ಕೈಯಲ್ಲಿದ್ದ ಫೋನು ನಡುಗಿತು. ಯಕ್ಷಿತಾ. ಅವಳು ಫೋನು ಮಾಡಲೇಬೇಕು, ಹಾಗೆಂದು ನಿಯಮ, ನಿಯಮವನ್ನು ಬರೆದವರು ಉಪಾಧ್ಯರು. ಅವರು ಬೆಳೆದು ಬಂದ ಮತದಲ್ಲಿ ಜ್ಞಾನ ಸ್ವತಃಪ್ರಮಾಣ. ಹುಟ್ಟಿದ ಅರಿವು ನಿಜವೆಂದು ಗ್ರಹಿಸಲು ಒಳಗೊಬ್ಬ ಸಾಕ್ಷಿಯಿದ್ದಾನೆ, ಹೊರಗಿನವರ ರುಜು ಬೇಕಿಲ್ಲ. ಇದನ್ನೊಪ್ಪದವರು ನ್ಯಾಯದರ್ಶನದ ನೈಯಾಯಿಕರು. ದೂರದಲ್ಲಿ ಕಂಡದ್ದು ನೀರೇ ಎಂದು ಗೊತ್ತಾಗುವುದು ಕುಡಿದು ಬಾಯಾರಿಕೆ ತೀರಿದ ಮೇಲೆ, ಹಾಗಾಗಿ ಪ್ರಾಮಾಣ್ಯ ಬರುವುದು ಬೇರೆ ಕಡೆಯಿಂದ, ಪರತಃ, ಎನ್ನುತ್ತಾರೆ ಅವರು. ಉಡುಪಿಯ ಪಾಠಶಾಲೆಯಲ್ಲಿ ಮೀಸೆ ಮೂಡುವ ವಯಸ್ಸಿನ ಶ್ರೀಪತಿ ನೈಯಾಯಿಕರನ್ನು ಸೋಲಿಸದ ದಿನವಿರಲಿಲ್ಲ. ಎದುರಿಗೆ ನೈಯಾಯಿಕರು ಯಾರೂ ಕುಳಿತಿರುತ್ತಿರಲಿಲ್ಲವಾದ್ದರಿಂದ ಅದು ಕಷ್ಟವೂ ಆಗಿರಲಿಲ್ಲ. ಅದೇ ಶ್ರೀಪತಿ ಮುಂಬಯಿಗೆ ಬಂದು, ಕಂಪ್ಯೂಟರು ಕಲಿತು, ಸಂಬಳಕ್ಕಾಗಿ ಹಗಲಿಡೀ ನೈಯಾಯಿಕನಾದ. ಆಜ್ಞೆ ಯಾವ ದಾರಿಯಲ್ಲಿ ಬಂತೋ ಅದೇ ದಾರಿಯಲ್ಲಿ ಬಂದ ಸಾಕ್ಷಿಯನ್ನು ನಂಬಕೂಡದು. ಮೇಲಿನಲ್ಲಿ ಬಂದದ್ದಕ್ಕೆ ಮೇಲಿನಲ್ಲೇ ಖಾತರಿ ಕೇಳುವುದೆಂದರೆ ಸೋಗು ಹಾಕಿದವನನ್ನೇ ಕರೆದು ಇದು ಸೋಗೇ ಎಂದು ವಿಚಾರಿಸಿದಂತೆ. ಮೊದಲೇ ಗೊತ್ತಿರುವ ನಂಬರಿಗೆ ನಾವಾಗಿ ಫೋನು ಮಾಡಬೇಕು, ಆ ಮನುಷ್ಯ ಬಾಯಿಬಿಟ್ಟು ಹೇಳಬೇಕು. ಹೀಗೆ ಹೇಳಿ ಕೆಲಸ ನಿಲ್ಲಿಸುವ ಅಧಿಕಾರ ಇಬ್ಬರಿಗೆ ಮಾತ್ರ, ಒಬ್ಬರು ಉಪಾಧ್ಯರು, ಇನ್ನೊಬ್ಬ ಅವರ ಕೈಕೆಳಗಿನ ಸುಭಾಷ. ಸುಭಾಷ ಈ ಹೊತ್ತಿನಲ್ಲಿ ದಿಲ್ಲಿಯ ವಿಮಾನದಲ್ಲಿದ್ದಾನೆ. ತಮ್ಮ ಬಾಯಿ ತಿಂಗಳಿಗೆರಡು ಬೆಳಿಗ್ಗೆ ಮುಚ್ಚಿರುತ್ತದೆ ಎಂಬುದನ್ನು ನಿಯಮ ಬರೆದವರು ಮರೆತಿದ್ದರು. ಬರೆದದ್ದು ಉಪವಾಸಕ್ಕೂ ಮೌನಕ್ಕೂ ಸಂಬಂಧವಿಲ್ಲದ ಯಾವುದೋ ಷಷ್ಠಿಯಂದು ಇದ್ದಿರಬೇಕು.

“ಸರ್, ಯಕ್ಷಿತಾ,” ಎಂದಿತು ಫೋನು. ಅವಳದು ಮಂಗಳೂರಿನ ಕಡೆಯ ಮನೆ, ಹುಟ್ಟಿದ್ದು ಬೆಳೆದದ್ದು ಇಲ್ಲಿ. ಉಪಾಧ್ಯರು ಒತ್ತಾಯಿಸುತ್ತಾರೆಂದು ಅವರೊಡನೆ ಮಾತ್ರ ಕನ್ನಡದ ಸಾಹಸ ಮಾಡುತ್ತಾಳೆ. “ಟೆನ್ ಓ ಕ್ಲಾಕ್‌ದು ಸ್ಟಾಪ್ ಮಾಡ್ಲಿಕ್ಕೆ ನಿಮ್ದು ಮೇಲ್ ಬಂದಿದೆ. ನೀವು ರಜೆಯಲ್ಲಿದ್ದೀರಲ್ಲ? ನೀವೇ ಕಳ್ಸಿದ್ದಾ? ಬಾಯಲ್ಲಿ ಹೇಳ್ಬೇಕು. ಹಲೋ? ಸರ್, ಆವಾಜ್ ಬರ್ತಾ ಇಲ್ಲ.”

ಉಪಾಧ್ಯರು ಫೋನನ್ನು ಕಿವಿಗೊತ್ತಿಕೊಂಡು, ಉಸಿರನ್ನು ಆದಷ್ಟು ಅರ್ಥಪೂರ್ಣವಾಗಿ ಬಿಟ್ಟರು. ಆಮೇಲೆ ಕರೆ ಕಡಿದು, ಇಂದು ಏಕಾದಶಿ, ನನಗೆ ಮೌನ, ಮೇಲ್ ನನ್ನದೇ ಎಂದು ಮೆಸೇಜು ಕಳಿಸಿದರು. ಉತ್ತರ ಕೂಡಲೇ ಬಂತು: ಸರ್, ಟೆಕ್ಸ್ಟ್ ನಹೀಂ ಚಲೇಗಾ, ರೂಲ್ ನಿಮ್ದೇ. ಕೊನೆಯಲ್ಲಿ ಜೋಡಿಸಿದ ಎರಡು ಪುಟ್ಟ ಕೈಗಳಿದ್ದವು. ಅವರಿಗೆ ಮೊದಲು ಬಂದದ್ದು ಹೆಮ್ಮೆ, ಶಿಷ್ಯೆ ಪಾಠವನ್ನು ಮರೆತಿಲ್ಲವೆಂದು. ಹೆಮ್ಮೆಯ ಹಿಂದೆಯೇ ಸಿಟ್ಟು, ಪಾಠ ಮರೆಯುವುದಕ್ಕೂ ಒಂದು ಸಮಯ ಬೇಡವೇ ಎಂದು. ನೀನು ನಂಬಬೇಕು ಎಂದು ಬರೆದು, ಹಾಗೆ ಬರೆಯುವುದು ಕಳ್ಳರು ಮಾತ್ರವೆಂದು ತರಬೇತಿಯಲ್ಲಿ ತಾವೇ ತೋರಿಸಿದ ಚಿತ್ರ ನೆನಪಾಗಿ ಅಳಿಸಿದರು. ತುರ್ತಿದೆ ಎಂದು ಬರೆದರು. ಅದೂ ಆ ಚಿತ್ರದಲ್ಲಿತ್ತು. ಇಷ್ಟರಲ್ಲಿ ಕುರ್ಲಾ ದಾಟಿದ ಗಾಡಿ, ವಿದ್ಯಾವಿಹಾರದ ಪ್ಲಾಟ್‌ಫಾರ್ಮು ಕಣ್ಣಿಗೆ ಬೀಳುವಂತಿರುವಾಗಲೇ, ಯಾವ ಕಾರಣವನ್ನೂ ಹೇಳದೆ ನಿಂತುಬಿಟ್ಟಿತು.

ಡಬ್ಬಿಯ ಇನ್ನೊಂದು ತುದಿಯಲ್ಲಿ ದಿನವೂ ಒಟ್ಟಿಗೆ ಹೋಗುವ ಮರಾಠಿ ಭಜನೆಯವರು ತಾಳ ಕುಟ್ಟುತ್ತಿದ್ದರು. ಏಕಾದಶಿಯಾದ್ದರಿಂದ ವಿಠ್ಠಲನಾಮಕ್ಕೆ ಇವತ್ತು ಹುರುಪು ಹೆಚ್ಚು. ನಿಂತ ಗಾಡಿಯಲ್ಲಿ ಬೆವರುತ್ತ, ಯಕ್ಷಿತಾಳ ಎರಡನೆಯ ಕರೆ ಬಂದಾಗ ಏನು ಮಾಡುವುದೆಂದು ತಿಳಿಯದೆ ಸ್ಪೀಕರು ಒತ್ತಿ, ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದ ಉಪಾಧ್ಯರನ್ನು ಎದುರು ಸೀಟಿನವನೊಬ್ಬ ಬಹಳ ಹೊತ್ತಿನಿಂದ ನೋಡುತ್ತಿದ್ದ. ನಡುವಯಸ್ಸು, ಉಗುರಿನ ಸಂದುಗಳಲ್ಲಿ ಬಿಳಿ ಸಿಮೆಂಟು, ತೊಡೆಯ ಮೇಲೆ ಕರಣೆಯ ಹಿಡಿ ಹೊರಚಾಚಿದ ಚೀಲ. ಅವನು ಮುಂದೆ ಬಾಗಿ, ನೆಂಟರ ಕೈಯಿಂದ ಭಾರದ ಚೀಲವನ್ನು ಇಸಿದುಕೊಳ್ಳುವಷ್ಟು ಸಲೀಸಾಗಿ ಫೋನನ್ನು ಇಸಿದುಕೊಂಡ.

“ಇತ್ತಾಗ ಕೊಡ್ರಿ ಸಾಹೇಬ್ರ, ನಾ ಹೇಳ್ತೇನಿ,” ಎಂದು ಫೋನಿಗೆ, “ತಂಗಿ, ಇವರಿಗೆ ಮಾತಾಡಾಕ ಬರಂಗಿಲ್ಲವಾ. ಏನ್ ಕೇಳೂದೈತಿ ನನ್ನ ಕೇಳು,” ಎಂದ.

“ಯಾರು ನೀವು?”

“ದಾನಪ್ಪ ಅಂತ. ಫರ್ಶಿ ಹಾಕಾಂವ.”

“ಈ ಫೋನು ನಿಮ್ಗೆ ಎಲ್ಲಿ ಸಿಕ್ತು?”

“ಇವರ ಕೈಯಾಗ ಇತ್ತು. ಪಾಪ, ಬಾಯಿಲ್ಲದ ಮನುಷ್ಯಾ, ಬೆವತು ಹೋಗ್ಯಾರ ನೋಡು.”

ಉಪಾಧ್ಯರು ಎರಡೂ ಕೈಗಳಿಂದ ಅಲ್ಲ ಅಲ್ಲ ಎಂದು ಸನ್ನೆ ಮಾಡಿದರು; ದಾನಪ್ಪ ಹೌದು ಹೌದು, ನನಗೆ ತಿಳಿಯಿತು ಎಂದು ಸನ್ನೆಯಲ್ಲೇ ಸಮಾಧಾನ ಹೇಳಿದ. “ಅಣ್ಣಾ,” ಎಂದಳು ಯಕ್ಷಿತಾ, ಬಹಳ ಮೆತ್ತಗೆ, “ನಮ್ಮ ಸರ್ ಫೈವ್ ಮಿನಿಟ್ ಮಾತಾಡದೆ ಇರುದಿಲ್ಲ. ಇವ್ರು ಅವ್ರಲ್ಲ.” ಕರೆ ಕಡಿಯಿತು.

ಮುಂದಿನದು ಉಪಾಧ್ಯರಿಗೆ ಗೊತ್ತಿತ್ತು. ಫೋನು ಕಳುವಾಯಿತೆಂಬ ಸಂದೇಹ ಬಂದರೆ ಏನು ಮಾಡಬೇಕೆಂಬುದೂ ಅವರದೇ ರಚನೆ. ದಾನಪ್ಪ ಮರಳಿ ಕೊಟ್ಟ ಫೋನಿನ ಪರದೆಯಲ್ಲಿ ಆಫೀಸಿನ ಮೇಲುಗಳು ಒಂದು ಸಲ ಮಿನುಗಿ ಮಾಯವಾದವು, ಹಿಂದೆಯೇ ತಂಡದ ಹೆಸರುಗಳು, ಆಮೇಲೆ ಅವರ ಹೆಸರು. ಅಷ್ಟು ವರ್ಷಗಳ ಶ್ರೀಪತಿ ಉಪಾಧ್ಯ, ಕೋಟು ತೊಟ್ಟು ತೆಗೆಸಿಕೊಂಡ ಆ ಫೋಟೋದ ಸಮೇತ, ಕಂಪನಿಯಿಂದ ಅಳಿಸಿಹೋದ. ಒಳಗಿನ ಸಾಕ್ಷಿ ಮಾತ್ರ ಏನೂ ಆಗಿಲ್ಲವೆಂಬಂತೆ ಕುಳಿತು, ನಾನು ನಾನೇ, ಸಂದೇಹವಿಲ್ಲ, ಎನ್ನುತ್ತಿದ್ದ. ಅವನನ್ನು ಹೊರಗೆ ಕರೆತಂದು ಯಾರ ಮುಂದೆಯೂ ನಿಲ್ಲಿಸಲಾಗದು ಎಂಬುದು ಪಾಠಶಾಲೆಯಲ್ಲಿ ಯಾರೂ ಹೇಳಿಕೊಡದ ಸಂಗತಿ. ಈ ಗಾಡಿಯಲ್ಲಿ ತನ್ನನ್ನು ಬಲ್ಲವರು ಒಬ್ಬರೂ ಇಲ್ಲ. ಬಲ್ಲೆನೆಂದುಕೊಂಡ ಒಬ್ಬ, ಮೂಗನೆಂದು ಬಲ್ಲ. ಕೈ ಹಣೆಗೆ ಹೋಯಿತು. ಏಕಾದಶಿಗೆ ಅಕ್ಷತೆಯಿಲ್ಲದೆ ಎಳೆದ ಅಂಗಾರದ ಒಂಟಿ ಕಪ್ಪು ಗೆರೆ ಬೆವರಿಗೆ ಕರಗಿ ಹುಬ್ಬಿಗಿಳಿಯುತ್ತಿತ್ತು, ಅದೂ ಯಾರದೋ ಹಣೆಯೆಂಬಂತೆ.

ಗಾಡಿ ಜಗ್ಗಿ ಮುಂದಕ್ಕೆ ತೆವಳಿತು. ವಿದ್ಯಾವಿಹಾರ, ಘಾಟ್ಕೋಪರ, ವಿಕ್ರೋಲಿ, ಕಾಂಜುರ್‌ಮಾರ್ಗ, ಅಲ್ಲಿಂದ ರಿಕ್ಷಾ. ಹತ್ತರೊಳಗೆ ಮುಟ್ಟುವುದು ಇನ್ನು ಸಾಧ್ಯವಿಲ್ಲ. ಒಂದೇ ಮಾತು ಸಾಕು, ಬಾಯಿ ತೆರೆದರೆ ಆಯಿತು. ಬೆಂಚಿನ ಮೇಲೆ ಕುಳಿತ ಮುದುಕರ ಹಿಗ್ಗಿದ ಕಣ್ಣುಗಳನ್ನು ಅವರು ನೆನೆಯಲು ಯತ್ನಿಸಿದರು, ಆದರೆ ಕಣ್ಣಿಗೆ ಕಟ್ಟಿದ್ದು ಪಾಯಸದ ಕೊಪ್ಪರಿಗೆ, ಸಾಲಾಗಿ ಕುಳಿತ ಮಂಡಳಿಯವರು, ವರ್ಷ ಪೂರೈಸಿದ ಮೌನಿ ರಾಯರಿಗೆ ಹೊದಿಸಲೆಂದು ಯಾರೋ ಗುಟ್ಟಾಗಿ ತಂದಿಟ್ಟಿರುವ, ಆ ಗುಟ್ಟು ತಮಗೆ ಗೊತ್ತಿರುವ, ಶಾಲು. ಶಾಲಿನ ಅಂಚು ಜರಿಯದೇ ಇರಬಹುದೆಂಬವರೆಗೆ ಯೋಚನೆ ಹೋದದ್ದನ್ನು ಹಿಡಿದು ತಂದು ಮುಂದೆ ನಿಲ್ಲಿಸಿಕೊಂಡಾಗ, ಹಾಗೆ ಯೋಚಿಸಿದ ತಮ್ಮನ್ನೇ ಕಂಡು ಅವರಿಗೆ ಅಸಹ್ಯವಾಯಿತು, ಜೊತೆಗೆ ಸ್ವಲ್ಪ ನಗುವೂ ಬಂತು. ಮೌನದಲ್ಲಿ ಭಗವನ್ನಾಮಕ್ಕೆ ದೋಷವಿಲ್ಲ. ಕೆಲಸ ನಿಲ್ಲಿಸು ಎಂಬುದನ್ನು ಹೇಗಾದರೂ ಕೇಶವ ನಾರಾಯಣಗಳ ನಡುವೆ ಸೇರಿಸಬಹುದೇ ಎಂದು ಘಾಟ್ಕೋಪರದವರೆಗೆ ಹುಡುಕಿದರು. ಸಿಗಲಿಲ್ಲ. ಕೊನೆಯ ಕರೆಯಾಗಿ ಹೆಸರಿಲ್ಲದೆ ಉಳಿದಿದ್ದ ಯಕ್ಷಿತಾಳ ನಂಬರು ಒತ್ತಿದರು.

“ಯಕ್ಷಿತಾ. ನಾನು. ಶ್ರೀಪತಿ. ಹತ್ತು ಗಂಟೆಯ ಕೆಲಸ ನಿಲ್ಲಿಸು.”

ನೀರು ಕಾಣದ ಗಂಟಲಿನಿಂದ ಹೊರಟ ದನಿ ಒಡೆದು, ಕೀರಲಾಗಿ, ಅವರಿಗೇ ಪರಿಚಯವಿಲ್ಲದಂತಿತ್ತು. ಎದುರಿನ ದಾನಪ್ಪ ಎದ್ದು ನಿಂತದ್ದು ಗೊತ್ತಾಯಿತು, ಆದರೆ ಅತ್ತ ನೋಡಲಿಲ್ಲ.

“ಆವಾಜ್ ಸ್ವಲ್ಪ ಸರ್‌ದು ಹಾಗೆ ಇದೆ,” ಎಂದಳು ಯಕ್ಷಿತಾ ಅನುಮಾನಿಸುತ್ತ. “ಬಟ್ ಈಗ ಆವಾಜ್ ಕೂಡ ಮಶಿನ್ ಬನಾತಾ ಹೈ, ಟ್ರೇನಿಂಗ್‌ನಲ್ಲಿ ಸರ್ ಹೇಳಿದ್ದಾರೆ. ಡೌಟ್ ಬಂದ್ರೆ ಒಂದು ಕ್ವೆಶ್ಚನ್ ಕೇಳ್ಬೇಕು. ಮೇಲ್, ಚಾಟ್, ಮೀಟಿಂಗ್, ಯಾವ ಲೈನ್‌ನಲ್ಲೂ ಹೋಗದ್ದು.” ಕೇಳಲು ಏನನ್ನೋ ಹುಡುಕುತ್ತಿದ್ದಾಳೆಂದು ಅವರಿಗೆ ತಿಳಿಯಿತು, ಹುಡುಕಿ ಸಿಗುತ್ತಿಲ್ಲವೆಂದೂ ತಿಳಿಯಿತು. “ನನ್ಗೆ ಏನೂ ಯಾದ್ ಆಗ್ತಾ ಇಲ್ಲ. ನೀವೇ ಒಂದು ಹೇಳಿ.”

ಉಪಾಧ್ಯರು ಹುಡುಕಿದರು. ಅವಳು ಕೆಲಸಕ್ಕೆ ಸೇರಿದ ದಿನ ತಾವು ಹೇಳಿದ ಸ್ವಾಗತದ ಮಾತು ರೆಕಾರ್ಡ್ ಆಗಿದೆ. ಅವಳ ತಂದೆ ತೀರಿಕೊಂಡಾಗ ಸಂತಾಪ ಸೂಚಿಸಿದ್ದು ಮೇಲಿನಲ್ಲಿ, ಒಂದು ಶ್ಲೋಕ, ಅದರ ಇಂಗ್ಲಿಷ್ ಅರ್ಥ. ಮದುವೆಯ ಕರೆಯೋಲೆ ವಾಟ್ಸಾಪಿನಲ್ಲಿ ಬಂತು, ಆಶೀರ್ವಾದ ವಾಟ್ಸಾಪಿನಲ್ಲಿ ಹೋಯಿತು. ಊಟಕ್ಕೆ ಅವರು ತಂಡದವರೊಡನೆ ಕೂರುವವರಲ್ಲ, ಮನೆಯ ಡಬ್ಬಿ, ತಮ್ಮ ಕೋಣೆ, ಮುಚ್ಚಿದ ಬಾಗಿಲು. ಲಿಫ್ಟಿನಲ್ಲಿ ಇಬ್ಬರೇ ಇದ್ದ ಒಂದು ಸಲ ಅವಳು ಏನೋ ಹೇಳಹೊರಟಾಗ ತಾವು ಸಹಸ್ರನಾಮದ ಮಧ್ಯದಲ್ಲಿದ್ದುದರಿಂದ ಬೆರಳೆತ್ತಿ ತಡೆದಿದ್ದರು. ಅವಳು ಹೇಳಹೊರಟದ್ದೇನೆಂದು ಇವತ್ತಿಗೂ ಗೊತ್ತಿಲ್ಲ. ಅಷ್ಟು ವರ್ಷ ಒಂದೇ ಮಹಡಿಯಲ್ಲಿ ಕೂತೆದ್ದ ಇಬ್ಬರು ಮನುಷ್ಯರ ನಡುವೆ ಕಂಪನಿಯ ತಂತಿಯಲ್ಲಿ ಹರಿಯದ ಒಂದೇ ಒಂದು ಮಾತಿಲ್ಲ. ಇಷ್ಟೊಂದು ಮಾತನಾಡಿದ ಮನುಷ್ಯ, ಎಂದುಕೊಂಡರು. ಹಾಗೆ ಅಂದುಕೊಂಡದ್ದೇ, ಮನೆಯಲ್ಲಿ ಯಾರೂ ಕೂರದ ಕುರ್ಚಿಯ ಕೆಳಗಿನಿಂದೆಂಬಂತೆ, ಅದು ಹೊರಬಂತು. ಬಂದದ್ದನ್ನು ತಡೆದು ನೋಡುವಷ್ಟು ಸಮಯವಿರಲಿಲ್ಲ.

“ಹೋದ ವರ್ಷ. ಪ್ಯಾಂಟ್ರಿಯಲ್ಲಿ, ಚಹಾ ಮಶಿನ್ನಿನ ಹತ್ತಿರ. ನೀನು ಚಮಚವನ್ನು ಮೈಕಿನ ಹಾಗೆ ಹಿಡಿದುಕೊಂಡು ನನ್ನ ಹಾಗೆ ಮಾತಾಡಿ ತೋರಿಸಿದೆ. ಎಲ್ಲರೂ ನಕ್ಕರು. ಆಮೇಲೆ ನೀನು, ಸರ್‌ಗೆ ದೇವರು ಒಂದು ಮ್ಯೂಟ್ ಬಟನ್ ಇಟ್ಟು ಕಳಿಸಬೇಕಿತ್ತು ಅಂದೆ. ನಾನು ಹೊರಗೆ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದೆ.”

ಹೇಳುತ್ತಿರುವಾಗಲೇ ಅವರಿಗೆ ಅರ್ಥವಾಯಿತು. ಬಾಟಲಿಯನ್ನು ತುಂಬಿಸದೆ ಕೋಣೆಗೆ ಮರಳಿದ ಆ ಸಂಜೆ, ಕಾಂಜುರ್‌ಮಾರ್ಗದ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಪಂಚಾಂಗದಲ್ಲಿ ಮುಂದಿನ ಏಕಾದಶಿ ಯಾವಾಗ ಎಂದು ನೋಡಿದ್ದರು. ವಾಕ್ತಪಸ್ಸು, ಇಂದ್ರಿಯಜಯ, ಪೂರ್ವಾಚಾರ್ಯರ ಪರಂಪರೆ, ಎಲ್ಲವೂ ಆ ಮೇಲೆ ಒಂದೊಂದಾಗಿ ಬಂದು ಕುಳಿತವು. ನೀಲಾವತಿಗೆ ಹೇಳಿದ ಕಾರಣ ಬೇರೆ, ದೇವರಿಗೆ ಹೇಳಿದ್ದು ಬೇರೆ. ದೇವರು ಬಹುಶಃ ಪ್ಯಾಂಟ್ರಿಯಲ್ಲಿಯೂ ಇದ್ದುದರಿಂದ ಅವನಿಗೆ ಮೊದಲೇ ಗೊತ್ತಿತ್ತು. ಉಪಾಧ್ಯರಿಗೆ ಮಾತ್ರ ಇವತ್ತು, ಸೆಕೆಂಡ್ ಕ್ಲಾಸಿನಲ್ಲಿ, ಸುತ್ತಲಿನವರೆಲ್ಲ ಕೇಳುತ್ತಿರುವಾಗ, ತಮ್ಮ ಬಾಯಿಂದಲೇ ಗೊತ್ತಾಗಬೇಕಾಯಿತು.

ಅತ್ತ ಕಡೆಯಿಂದ ಕೀಲಿಗಳ ಸದ್ದು ಬಂತು. “ಸ್ಟಾಪ್ ಮಾಡಿದೆ,” ಎಂದಳು ಯಕ್ಷಿತಾ. ಅನುಮಾನ ಹೋದ ದನಿ ಸಣ್ಣದಾಗಿತ್ತು. “ಸರ್, ಸಾರಿ. ಅವತ್ತು—”

“ಚೆನ್ನಾಗಿ ಮಾಡಿದ್ದೆ,” ಎಂದರು ಉಪಾಧ್ಯರು. “ಆ ಮೂಗಿನಿಂದ ಉಸಿರೆಳೆಯುವುದು, ಅದು ನಾನು ಮಾಡುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ.” ಅವಳು ನಕ್ಕಳೋ ಅತ್ತಳೋ, ಗಾಡಿಯ ಸದ್ದಿನಲ್ಲಿ ತಿಳಿಯಲಿಲ್ಲ. ನಿಯಮವನ್ನು ಅವಳು ಎಷ್ಟು ಸರಿಯಾಗಿ ಪಾಲಿಸಿದಳೆಂಬುದನ್ನೂ, ಹಿಂದಿನ ಮೆಟ್ಟಿಲಿನ ತತ್ತ್ವವನ್ನೂ ವಿವರಿಸಲು ತೊಡಗಿ, ಎರಡನೆಯ ವಾಕ್ಯದ ನಡುವೆ ತಮ್ಮ ಉಸಿರನ್ನು ತಾವೇ ಕೇಳಿಸಿಕೊಂಡು, ಬಂದಮೇಲೆ ಮಾತಾಡುವ, ಚಹಾ ಮಶಿನ್ನಿನ ಹತ್ತಿರ, ಎಂದು ಫೋನಿಟ್ಟರು.

ತಲೆಯೆತ್ತಿದರೆ ಭಜನೆ ನಿಂತಿತ್ತು. ದಾನಪ್ಪ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ. ಅವನು ತನಗೆ ಬರುವ ಹಿಂದಿಯಲ್ಲಿ ಆಗಲೇ ಡಬ್ಬಿಗೆಲ್ಲ ತಿಳಿಸಿಯಾಗಿತ್ತು: ಈ ಮನುಷ್ಯ ಮೂಗ, ನನ್ನ ಕಣ್ಣೆದುರಿಗೇ ಬೆವರುತ್ತ ಬಾಯಿ ಬಡಿಯುತ್ತಿದ್ದ, ಏಕಾದಶಿಯ ದಿನ ನಿಮ್ಮ ಭಜನೆ ಕಿವಿಗೆ ಬಿದ್ದದ್ದೇ ಮಾತು ಬಂತು. ಭಜನೆಯ ಹಿರಿಯರೊಬ್ಬರು ಸೀಟುಗಳನ್ನು ದಾಟಿ ಬಂದು, ಕರಗಿದ ಅಂಗಾರದ ಮೇಲೆ ವಿಠ್ಠಲನ ಪ್ರಸಾದದ ಕಪ್ಪು ಬುಕ್ಕದ ಪುಡಿ ಹಚ್ಚಿ ಉಪಾಧ್ಯರ ಪಾದಕ್ಕೆ ಕೈ ನೀಡಿದರು. ಉಪಾಧ್ಯರು ಹೌಹಾರಿ ಕಾಲೆಳೆದುಕೊಂಡು, ನಾನು ಮೂಗನಲ್ಲ, ವ್ರತದಲ್ಲಿದ್ದೆ, ಎಂದು ಹಿಂದಿಯಲ್ಲಿ ಹೇಳಿದರು. ಹಿಂದಿಯೂ ಬರುತ್ತದೆ ಎಂದು ಯಾರೋ ಉದ್ಗರಿಸಿ, ತಾಳ ಒಂದು ಸಲ ಝಣ್ಣೆಂದಿತು. ಮರಾಠಿಯಲ್ಲಿ ಹೇಳಿ ನೋಡಿದರು. ಸಡಗರ ಇನ್ನೂ ಹೆಚ್ಚಿತು. ಆಡಿದ ಒಂದೊಂದು ನಿರಾಕರಣೆಯೂ ಪವಾಡಕ್ಕೆ ಹೊಸ ಪುರಾವೆಯಾಗಿ ಸೇರುತ್ತಿತ್ತು. ಅರ್ಧ ಗಂಟೆಯ ಹಿಂದೆ ಏನು ಮಾಡಿದರೂ ನಂಬದಿದ್ದ ಲೋಕ ಈಗ ಏನು ಹೇಳಿದರೂ ನಂಬುವುದನ್ನು ಬಿಡುತ್ತಿರಲಿಲ್ಲ.

ಭಜನೆ ಮತ್ತೆ ಆರಂಭವಾದ ಮೇಲೆ ದಾನಪ್ಪ ಪಕ್ಕಕ್ಕೆ ಬಂದು ಕುಳಿತ. ಯಾವ ದೇವರಿಗೆ ಹರಕೆ ಹೊತ್ತಿದ್ದಿರಿ ಎಂದು ಕೇಳಿದ. ಉಪಾಧ್ಯರು ಅವನಿಗೆ ಕನ್ನಡದಲ್ಲಿ, ಒಂದೂ ಸಂಸ್ಕೃತ ಪದ ಬಳಸದೆ, ಎಲ್ಲವನ್ನೂ ಹೇಳಿದರು: ಬಾಯಿ ಯಾವತ್ತೂ ಹೋಗಿರಲಿಲ್ಲ, ತಾನಾಗಿ ಮುಚ್ಚಿಕೊಂಡದ್ದು. ದಾನಪ್ಪ ತಲೆದೂಗುತ್ತ ಕೇಳಿ, “ಇರ್ಲಿ ಬಿಡ್ರಿ, ಹರಕಿ ಗುಟ್ಟು ಹೊರಗ ಹಾಕಬಾರದು, ತಿಳೀತೈತಿ ನನಗ,” ಎಂದ. ಆಮೇಲೆ ಕಿಟಕಿಯ ಕಡೆ ನೋಡುತ್ತ ತನ್ನದನ್ನು ಹೇಳಿದ. ಹೆಂಡತಿ ಮಹಾದೇವಿ, ಜೋಗೇಶ್ವರಿಯ ಚಾಳಿನಲ್ಲಿದ್ದಾಳೆ. ಗಂಟಲಿನ ಆಪರೇಷನ್ ಆದಮೇಲೆ ದನಿ ಬರಲಿಲ್ಲ. ಕಿವಿ ಚಲೋ ಕೇಳಿಸುತ್ತದೆ. ದಾದರಿನಲ್ಲಿ ಗಾಡಿ ಬದಲಿಸಿದ ಮೇಲೆ ದಿನಾ ಅವಳಿಗೆ ಫೋನು ಮಾಡುತ್ತಾನೆ, ಇವತ್ತು ಈ ಗದ್ದಲದಲ್ಲಿ ತಡವಾಯಿತು. ಹೇಳುತ್ತಲೇ ನಂಬರು ಒತ್ತಿದ್ದ. “ಒಂದ್ ಮಾತ್ ಆಡ್ರಿ ಆಕಿ ಕೂಡ,” ಎಂದು ಸ್ಪೀಕರು ಹಾಕಿ ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದ. “ಈಗಷ್ಟ ಬಂದ ಬಾಯಿ ನಿಮ್ದು.”

ಅತ್ತ ಕಡೆ ನಲ್ಲಿಯ ನೀರು ಪಾತ್ರೆಗೆ ಬೀಳುತ್ತಿತ್ತು. ಅದು ನಿಂತಿತು. ಯಾರೋ ಉಸಿರಾಡುತ್ತಿದ್ದರು. ಯಾವ ಸಭೆಯಲ್ಲಿಯೂ ಮಾತಿಗೆ ತಡಕಾಡದ ಉಪಾಧ್ಯರು ಈಗ ತಡಕಾಡಿದರು. ಸುಳ್ಳು ಭರವಸೆಯಾಗದ, ಉಪದೇಶವಾಗದ ಒಂದು ಮಾತು ಬೇಕಿತ್ತು. ವಿಕ್ರೋಲಿ ಬಂದು ಹೋಯಿತು.

“ಚಾ ಆಯಿತಾ, ಅಮ್ಮಾ?” ಎಂದರು.

ಬಳೆಗಳ ಸದ್ದು ಬಂತು, ಗಾಜಿನವು, ಚುಟುಕಾಗಿ. “ಆಗೇತಿ ಅಂತಾಳ್ರಿ,” ಎಂದ ದಾನಪ್ಪ. ಮತ್ತೆ ಬಂತು, ಈಗ ಸ್ವಲ್ಪ ಎಳೆದು, ಕೊನೆಯಲ್ಲಿ ಎತ್ತಿ. “ನಿಮ್ದು ಆತೇನು ಅಂತ ಕೇಳಾಕತ್ತಾಳ.”

“ನನ್ನದು ನಾಳೆ, ಅಮ್ಮಾ. ಇವತ್ತು ನೀರೂ ಇಲ್ಲ.”

ಅತ್ತ ಬಳೆಗಳು ಒಂದೇ ಉಸಿರಿಗೆ, ಮೇಲೂ ಕೆಳಗೂ, ಪಾತ್ರೆಯ ಅಂಚಿಗೆ ತಾಗಿಸಿಕೊಂಡು, ನಿಲ್ಲದೆ ಮೊಳಗಿದವು. ಕಾಂಜುರ್‌ಮಾರ್ಗದ ಪ್ಲಾಟ್‌ಫಾರ್ಮು ಕಿಟಕಿಯಲ್ಲಿ ಸರಿಯತೊಡಗಿತ್ತು. ಇಳಿಯುವವರು ಎದ್ದು ಬಾಗಿಲಿಗೆ ನುಗ್ಗುತ್ತಿದ್ದರು. ದಾನಪ್ಪ ಅರ್ಥ ಹೇಳಲೆಂದು ಬಾಯಿ ತೆರೆದ.

“ಬೈಯುತ್ತಿದ್ದಾರೆ,” ಎಂದರು ಉಪಾಧ್ಯರು, ಎಳ್ಳಷ್ಟೂ ಸಂದೇಹವಿಲ್ಲದೆ, ಸೀಟಿನಿಂದ ಏಳದೆ.